ಸೂಕ್ಷ್ಮ ಹೊಟ್ಟೆಯ ವರ

ಬಿಸಿ ತುಪ್ಪಕ್ಕೆ ಜೀರಿಗೆ ಬಿದ್ದ ಕೂಡಲೇ ಒಂದು ಘಮ ಏಳುತ್ತದಲ್ಲ, ಅದು ಮೂಗಿಗೆ ಬಡಿದರೆ ಸಾಕು, ನನಗೆ ಇಪ್ಪತ್ತು ವರ್ಷ ಕಡಿಮೆಯಾಗಿಬಿಡುತ್ತದೆ. ಇವತ್ತು ಬೆಳಗ್ಗೆಯೂ ಹಾಗೇ ಆಯಿತು. ಪಕ್ಕದ ಮನೆಯ ಮೇಷ್ಟ್ರು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಮೊನ್ನೆ ಮನೆಗೆ ಬಂದಿದ್ದಾರೆ. ಮೆತ್ತಗಿನ ಊಟ ಕೊಡಬಹುದೆಂದು ಡಾಕ್ಟರು ಹೇಳಿದ್ದಾರಂತೆ. ಅವರ ಹೆಂಡತಿ ನಮ್ಮ ಬಾಗಿಲಿಗೆ ಬಂದು, ನನ್ನ ಹೆಂಡತಿಯನ್ನು ದಾಟಿ, ನೇರವಾಗಿ ನನ್ನನ್ನೇ ಕೇಳಿದರು: "ಏನಾದ್ರೂ ಹಗುರವಾಗಿ ಮಾಡ್ಕೊಡ್ತೀರಾ?" ನಮ್ಮ ಬೀದಿಯಲ್ಲಿ ಯಾರ ಹೊಟ್ಟೆ ಕೆಟ್ಟರೂ ಮೊದಲು ಡಾಕ್ಟರು, ಆಮೇಲೆ ನಾನು. ಈ ಪದವಿ ನನಗೆ ದಕ್ಕಿದ ಕಥೆಯನ್ನು ಹೇಳುತ್ತೇನೆ. ನನ್ನ ಮದುವೆಯ ಕಥೆಯೂ ಅದೇ ಆದ್ದರಿಂದ ನಿಮಗೆ ಎರಡು ಕಥೆ ಕೇಳುವ ಕಷ್ಟವಿಲ್ಲ.

ಬಿಡದಿಯ ಸುತ್ತ ಕಾರ್ಖಾನೆಗಳು ಒಂದರ ಪಕ್ಕ ಒಂದು ಎದ್ದು ನಿಲ್ಲುತ್ತಿದ್ದ ಕಾಲ ಅದು. ಮಾಗಡಿಯ ಕಲ್ಯದ ಕಡೆಯಿಂದ ಬಂದ ನಾನು ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಗೆ ಸೇರಿಕೊಂಡೆ. ಯೂನಿಫಾರ್ಮು, ಬೂಟು, ಕುತ್ತಿಗೆಗೆ ನೇತು ಬೀಳುವ ಗುರುತಿನ ಚೀಟಿ, ಎಲ್ಲ ಸಿಕ್ಕಿತು. ಹೊಟ್ಟೆ ಮಾತ್ರ ಹೋಯಿತು. ವಾರಕ್ಕೊಂದು ಶಿಫ್ಟು, ಹೊತ್ತಿಗೊಂದು ಊಟ, ಕ್ಯಾಂಟೀನಿನ ಎಲೆಕೋಸಿನ ಪಲ್ಯ. ಆರು ತಿಂಗಳಲ್ಲಿ ನನ್ನ ಹೊಟ್ಟೆ ಎಷ್ಟು ಸೂಕ್ಷ್ಮವಾಯಿತೆಂದರೆ, ಯಾರಾದರೂ ಪಕ್ಕದಲ್ಲಿ ಕೂತು ಹುರುಳಿಕಾಳು ತಿಂದರೂ ನನಗೆ ಉಬ್ಬರಿಸುತ್ತಿತ್ತು. ಡಾಕ್ಟರು ಪರೀಕ್ಷೆ ಮಾಡಿ, "ದೊಡ್ಡ ಕಾಯಿಲೆ ಏನಿಲ್ಲ, ತಿನ್ನೋದನ್ನ ನೋಡ್ಕೊಂಡು ತಿನ್ನು" ಎಂದರು.

ನೋಡಿಕೊಂಡು ತಿನ್ನುವುದನ್ನು ಕಲಿಸಿದವರು ರಾಮನಗರದಲ್ಲಿ ನನಗೆ ರೂಮು ಬಾಡಿಗೆಗೆ ಕೊಟ್ಟಿದ್ದ ಬೂಬಮ್ಮ. ಅವರ ಗಂಡನದು ರೇಷ್ಮೆ ನೂಲು ತೆಗೆಯುವ ಕೆಲಸ. ಗೂಡು ಬೇಯುವ ವಾಸನೆ ಮನೆಯ ಗೋಡೆಗಳಿಗೂ ಹತ್ತಿತ್ತು. ಒಂದು ದಿನ ನಾನು ಬರೀ ಬ್ರೆಡ್ಡು ನೆನೆಸಿಕೊಂಡು ತಿನ್ನುವುದನ್ನು ಕಂಡು ಬೂಬಮ್ಮನಿಗೆ ಸಿಟ್ಟೇ ಬಂತು.

"ಕ್ಯಾ ಬೇಟಾ ಇದು! ತರಕಾರಿಗೆ ಹೆದರ್ಕೊಂಡು ಬದ್ಕೋದಾ? ಅದು ನಿನ್ ಹೊಟ್ಟೇಲಿ ಹೋಗಿ ಬೇಯಬಾರ್ದು, ಪಾತ್ರೇಲೇ ಬೇಯಬೇಕು."

ಅವತ್ತೇ ಪಾಠ ಶುರುವಾಯಿತು. ಹೀರೇಕಾಯಿಯ ಏಣು ಹೆರೆದು, ಸಿಪ್ಪೆಯನ್ನೂ ತೆಗೆದು, ತುದಿ ಕಚ್ಚಿ ಕಹಿ ಇಲ್ಲವೆಂದು ನೋಡಬೇಕು. ಬಲಿತ ಬೀಜ, ನಾರು ಆಚೆಗೆ. ಸೋರೆಕಾಯಿಯದೂ ಅಷ್ಟೇ. ಚಿಕ್ಕದಾಗಿ ಹೆಚ್ಚಿ, ಮುಚ್ಚಳ ಹಾಕಿ, ಸಣ್ಣ ಉರಿಯಲ್ಲಿ ಅದರದೇ ನೀರಿನಲ್ಲಿ ಬೆರಳಲ್ಲಿ ಒತ್ತಿದರೆ ನುಣ್ಣಗಾಗುವಷ್ಟು ಬೇಯಿಸಬೇಕು. ಹುರಿದ ಹೆಸರುಬೇಳೆ ಒಂದು ಹಿಡಿ, ಚೂರು ಶುಂಠಿ, ಚಿಟಿಕೆ ಇಂಗು, ಕೊನೆಗೆ ತುಪ್ಪದಲ್ಲಿ ಜೀರಿಗೆ. ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಮೂರೂ ನನಗೆ ಆಗುತ್ತಿರಲಿಲ್ಲ, ಬೂಬಮ್ಮ ಅವುಗಳನ್ನು ನನ್ನ ರೂಮಿನಿಂದಲೇ ಗಡೀಪಾರು ಮಾಡಿದರು. ಒಂದು ತಿಂಗಳಲ್ಲಿ ನಾನು ಮತ್ತೆ ಮನುಷ್ಯನಾದೆ. ಆದರೆ ಈ ಗುಟ್ಟನ್ನು ಯಾರಿಗೂ ಹೇಳಲಿಲ್ಲ. ಮುದ್ದೆ ನುಂಗಲಾಗದ, ಒಬ್ಬನೇ ಕೂತು ಹೀರೇಕಾಯಿ ಮಸೆದುಕೊಳ್ಳುವ ಗಂಡಿಗೆ ನಮ್ಮ ಕಡೆ ಯಾರು ಹೆಣ್ಣು ಕೊಡುತ್ತಾರೆ ಹೇಳಿ?

ಅಷ್ಟರಲ್ಲೇ ನನ್ನ ಸೋದರಮಾವ ಕೆಂಪಣ್ಣ ಒಂದು ಸಂಬಂಧ ಹಿಡಿದುಕೊಂಡು ಬಂದರು. ಚನ್ನಪಟ್ಟಣದ ವಿರೂಪಾಕ್ಷಿಪುರದ ಹತ್ತಿರದ ಹಳ್ಳಿ, ಹುಡುಗಿಯ ಹೆಸರು ಮಂಗಳಾ. ಪಿಯುಸಿ ಮುಗಿಸಿ ಚನ್ನಪಟ್ಟಣದಲ್ಲಿ ಗೊಂಬೆಗಳಿಗೆ ಬಣ್ಣ ಹಾಕುವ ಕೆಲಸಕ್ಕೆ ಹೋಗುತ್ತಿದ್ದಳು. ನಾವು ಹೆಣ್ಣು ನೋಡಲು ಹೋದದ್ದು ಅವರೆಕಾಯಿ ಕಾಲದಲ್ಲಿ! ಬಸ್ಸಿಳಿಯುವಾಗಲೇ ಊರೆಲ್ಲ ಸೊಗಡಿನ ವಾಸನೆ. ನನ್ನ ಹೊಟ್ಟೆ ಅಲ್ಲೇ ಒಂದು ಸಲ ಗುರ್ ಎಂದಿತು.

ಮಂಗಳಾ ಕಾಫಿ ತಂದಿಟ್ಟಳು. ಅವಳ ಉಗುರಿನ ಸಂದಿಯಲ್ಲಿ ಗೊಂಬೆಯ ಹಳದಿ ಬಣ್ಣ ಇತ್ತು. ಅದನ್ನು ನೋಡುತ್ತ ನಾನು ಮುಖ ನೋಡುವುದನ್ನೇ ಮರೆತೆ. ಆಮೇಲೆ ಅವಳ ಅಪ್ಪ ಚಿಕ್ಕೇಗೌಡರು, "ಊಟ ಮಾಡ್ದೆ ಯಾರೂ ನಮ್ಮನೆ ಹೊಸ್ಲು ದಾಟಂಗಿಲ್ಲ" ಎಂದುಬಿಟ್ಟರು. ಒಪ್ಪಿಗೆಯಾಗದೆ ಹೆಣ್ಣಿನ ಮನೆಯಲ್ಲಿ ಉಣ್ಣಬಾರದೆಂದು ಮಾವ ಗೊಣಗಿದರೂ ಎಲೆ ಬಿದ್ದೇ ಬಿತ್ತು. ಎಲೆಯ ಮೇಲೆ ತೆಂಗಿನಕಾಯಿ ಗಾತ್ರದ ಮುದ್ದೆ, ಅದರ ಸುತ್ತ ಅವರೆಕಾಳಿನ ಸಾರು.

"ನಮ್ಮೊಲದ್ದೇ ಕಾಳು. ನಾಚ್ಕಬ್ಯಾಡ ಕಣಪ್ಪ, ಉಣ್ಣು. ಮುದ್ದೆ ನುಂಗೋದ್ ನೋಡೇ ನಾನು ಗಂಡುನ್ನ ಅಳೆಯೋದು" ಎಂದರು ಗೌಡರು.

ನಾನು ಎರಡು ತುತ್ತು ನುಂಗಿ, ಉಳಿದ ಕಾಳನ್ನು ಒಂದೊಂದಾಗಿ ಎಲೆಯ ಅಂಚಿನಡಿಗೆ ತಳ್ಳತೊಡಗಿದೆ. ಯಾರೂ ನೋಡುತ್ತಿಲ್ಲ ತಾನೇ ಎಂದು ತಲೆಯೆತ್ತಿದರೆ, ಒಳಬಾಗಿಲ ಬಳಿ ತಟ್ಟೆ ಇಟ್ಟುಕೊಂಡು ಕೂತಿದ್ದ ಗೌಡರ ತಾಯಿ ಹೊನ್ನಜ್ಜಿ ಕಂಡರು. ಅಜ್ಜಿ ಮುದ್ದೆ ಮುರಿದು ಬಾಯಿಯ ಹತ್ತಿರ ಒಯ್ದಂತೆ ಮಾಡಿ ಸೆರಗಿನೊಳಗೆ ಇಳಿಸುತ್ತಿದ್ದರು! ನಮ್ಮಿಬ್ಬರ ಕಣ್ಣು ಸೇರಿತು. ಇಬ್ಬರೂ ಕದ್ದು ಸಿಕ್ಕಿಬಿದ್ದವರಂತೆ ಸ್ತಬ್ಧರಾದೆವು. ಆಮೇಲೆ ಅಜ್ಜಿ ಮೆಲ್ಲಗೆ ಒಂದು ಕಣ್ಣು ಹೊಡೆದರು.

ಗೌಡರು ಇನ್ನೊಂದು ಮುದ್ದೆಗೆ ಕೂಗು ಹಾಕುವಷ್ಟರಲ್ಲಿ ನಾನು ಕೈತೊಳೆಯುವ ನೆಪದಲ್ಲಿ ಹಿತ್ತಲಿಗೆ ಹಾರಿದೆ. ಅಲ್ಲಿ ಹೊನ್ನಜ್ಜಿ ಆಗಲೇ ಬಂದು ಸೆರಗು ಬಿಚ್ಚಿ ಕೋಳಿಗಳಿಗೆ ಮುದ್ದೆ ಹಾಕುತ್ತಿದ್ದರು. ಕೋಳಿಗಳು ಭೀಮನ ಹಾಗೆ ಬೆಳೆದಿದ್ದವು, ಅಜ್ಜಿಯ ಕೈ ಮಾತ್ರ ಕಡ್ಡಿಯಾಗಿತ್ತು.

"ನಿಂಗೂ ಆಗಾಕಿಲ್ವಾ ಮಗಾ?"

"ಇಲ್ಲ ಅಜ್ಜಿ. ನಿಮ್ಗೆ ಎಷ್ಟು ದಿನದಿಂದ?"

"ದೀಪಾವಳಿಯಿಂದ ಹಿಂಗೇ. ತಿಂದ್ರೆ ಹೊಟ್ಟೆ ಬಲೂನು. ಮಜ್ಗೆ ಕುಡ್ಕಂಡ್ ಇವ್ನಿ. ಯಾರ್ಗೂ ಯೋಳ್ಬ್ಯಾಡ ಕಣಪ್ಪ."

ದೀಪಾವಳಿಯಿಂದ! ಎರಡು ತಿಂಗಳ ಮೇಲಾಯಿತು. ಮನೆ ತುಂಬ ಜನ, ಕಣಜ ತುಂಬ ರಾಗಿ, ಈ ಮುದುಕಿ ಹಸಿದುಕೊಂಡು ಮಲಗುತ್ತಿದ್ದಾಳೆ. ನನ್ನ ಹೊಟ್ಟೆನೋವು ಅದೆಲ್ಲಿಗೆ ಹೋಯಿತೋ ಕಾಣೆ. ಬೇಲಿಯ ಮೇಲೆ ಹೀರೇಬಳ್ಳಿ ಹಬ್ಬಿತ್ತು. ಎರಡು ಎಳೆ ಕಾಯಿ ಕಿತ್ತುಕೊಂಡು ತಿರುಗಿದರೆ, ಚೊಂಬಿನಲ್ಲಿ ನೀರು ಹಿಡಿದು ಮಂಗಳಾ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಕಣ್ಣು ತುಂಬಿತ್ತು.

"ಒಂದು ಒಲೆ ಕೊಡ್ತೀರಾ?" ಎಂದೆ. ಹೆಣ್ಣು ನೋಡಲು ಬಂದವನು ಹುಡುಗಿಗೆ ಆಡಿದ ಮೊದಲ ಮಾತು ಅದು.

ಅಡುಗೆಮನೆಯಲ್ಲಿ ಅವಳು ಹೆರೆದಳು, ನಾನು ಹೆಚ್ಚಿದೆ. ಹೊರಗೆ ಮಾವನ ದನಿ ಮೇಲೇರುತ್ತಿತ್ತು: "ಎಲ್ಲೋದ್ನಲಾ ಇವ್ನು? ಏ, ಒಳಗೇನ್ಲಾ ಮಾಡ್ತಿದೀಯ? ಮಾನ ಕಳೀತೀಯಲ್ಲೋ!"

"ದಿನಾ ನೀವೇ ಮಾಡ್ಕೊತೀರಾ?" ಮಂಗಳಾ ತಲೆಯೆತ್ತದೆ ಕೇಳಿದಳು.

"ಹೂಂ."

"ಪಾತ್ರೆ?"

"ಅದನ್ನೂ ನಾನೇ ತೊಳ್ಕೊತೀನಿ."

ಅವಳು ಉಪ್ಪಿನ ಮರಿಗೆಯನ್ನು ನನ್ನ ಕಡೆ ಸರಿಸಿದಳು. ಆ ಸರಿಸಿದ ರೀತಿಗೇ ನಾನು ಒಲೆಯನ್ನೇ ಮರೆತು, ಜೀರಿಗೆ ಸೀದುಹೋಗಿ, ಮತ್ತೊಂದು ಸಲ ಒಗ್ಗರಣೆ ಹಾಕಬೇಕಾಯಿತು.

ಮೆತ್ತಗೆ ಬೆಂದ ಅನ್ನಕ್ಕೆ ಹೀರೇಕಾಯಿ ಕಲಸಿ ಅಜ್ಜಿಯ ಮುಂದಿಟ್ಟೆವು. ಇನ್ನು ಮುಚ್ಚಿಡಲು ಏನಿತ್ತು? ಮಂಗಳಾ ಅಪ್ಪನನ್ನು ಕರೆದು ಎಲ್ಲ ಹೇಳಿಬಿಟ್ಟಳು. ಗೌಡರು ಬಾಗಿಲಲ್ಲೇ ನಿಂತರು. ಅಜ್ಜಿ ಒಂದು ತುತ್ತು ಬಾಯಿಗಿಟ್ಟು, ಸುಮ್ಮನೆ ಕೂತು, ಹೊಟ್ಟೆ ಏನನ್ನುತ್ತದೋ ಎಂದು ಕೇಳಿಸಿಕೊಂಡರು. ಇನ್ನೊಂದು ತುತ್ತು. ಮತ್ತೊಂದು. ತಟ್ಟೆ ಖಾಲಿಯಾದ ಮೇಲೆ, "ಇನ್ನೊಸಿ ಇಕ್ಕವ್ವಾ" ಎಂದರು.

ಗೌಡರ ದನಿ ಎಲ್ಲೋ ಆಳದಿಂದ ಬಂತು. "ಯಾಕವ್ವಾ ನನ್ಗೊಂದ್ ಮಾತು ಯೋಳ್ನಿಲ್ಲ?"

"ನೀನು ಬೆವರು ಸುರ್ಸಿ ಬೆಳ್ದ ಕಾಳು ಕಣ್ಲಾ ಮಗಾ. ನನ್ಗಾಗಕಿಲ್ಲ ಅಂತ ಯಾವ್ ಬಾಯಲ್ಲಿ ಯೋಳ್ಲಿ?"

ಗೌಡರು ಟವೆಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋಗಿ, ಕೊಟ್ಟಿಗೆಯ ಕಡೆ ತಿರುಗಿ ಬಹಳ ಹೊತ್ತು ನಿಂತಿದ್ದರು. ಮಾವನಿಗೆ ಈ ಸಂಬಂಧ ಮುರಿದೇ ಹೋಯಿತೆಂದು ಖಾತ್ರಿಯಾಗಿ ಚಪ್ಪಲಿ ಹುಡುಕತೊಡಗಿದರು. ಆಗ ಒಳಗಿನಿಂದ ಹೊನ್ನಜ್ಜಿ ಗಟ್ಟಿಯಾಗಿ ಕೂಗಿದರು: "ಲೇ ಚಿಕ್ಕ, ಈ ಗಂಡು ಮಂಗ್ಳಿಗೆ ತಾನೇ ಬಂದಿರೋದು? ಅವ್ಳು ಒಪ್ದೆ ಇದ್ರೆ ಯೋಳು, ನಾನೇ ಮದ್ವೆ ಆಯ್ತೀನಿ!"

ಜಗಲಿ, ನಡುಮನೆ, ಅಡುಗೆಮನೆ ಎಲ್ಲ ಒಟ್ಟಿಗೆ ನಕ್ಕವು. ಮಂಗಳಾ ನಗುತ್ತ ನಗುತ್ತಲೇ, "ನೀನ್ ಸುಮ್ಕಿರಜ್ಜಿ, ನಾನು ಒಪ್ಕೊಂಡಾಯ್ತು" ಎಂದಳು. ಮರುದಿನವೇ ಗೌಡರು ತಾಯಿಯನ್ನು ಚನ್ನಪಟ್ಟಣದ ಡಾಕ್ಟರ ಬಳಿ ಕರೆದುಕೊಂಡು ಹೋದರು. ವಯಸ್ಸಿನ ಹೊಟ್ಟೆ, ಮೆತ್ತಗಿನದು ಕೊಡಿ ಎಂದರಂತೆ. ಅಜ್ಜಿ ನಮ್ಮ ಮದುವೆಯಲ್ಲಿ ಓಡಾಡಿ, ನಮ್ಮ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ನೀರೆರೆದರು.

ಈಗ ನನ್ನ ಹೊಟ್ಟೆ ನೆಟ್ಟಗಿದೆ, ಅವರೆಕಾಳನ್ನೂ ತಿನ್ನುತ್ತೇನೆ. ಆದರೆ ಎಲ್ಲಿ ಪಂಕ್ತಿಯಲ್ಲಿ ಕೂತರೂ ಕಣ್ಣು ವಯಸ್ಸಾದವರ ಎಲೆಗಳ ಕಡೆಗೇ ಓಡುತ್ತದೆ. ಅದಕ್ಕೇ ಇವತ್ತು ಹೀರೇಕಾಯಿ ಅನ್ನದ ಡಬ್ಬಿಯನ್ನು ಕೊಟ್ಟು ಹಾಗೇ ಬರಲಿಲ್ಲ, ಮೇಷ್ಟ್ರ ಎದುರಿಗೇ ಕುರ್ಚಿ ಹಾಕಿಕೊಂಡು ಕೂತೆ. ಅವರು ನಾಲ್ಕು ಚಮಚ ತಿಂದು, "ಬಹಳ ಚೆನ್ನಾಗಿದೆ" ಎಂದು ಚಮಚ ಕೆಳಗಿಟ್ಟರು.

"ನಿಜ ಹೇಳಿ ಮೇಷ್ಟ್ರೇ" ಎಂದೆ.

ಅವರು ಹೆಂಡತಿ ಅಡುಗೆಮನೆಯಲ್ಲಿರುವುದನ್ನು ಖಾತ್ರಿ ಮಾಡಿಕೊಂಡು ನನ್ನ ಕಿವಿಯ ಹತ್ತಿರ ಬಾಗಿದರು. "ನನಗೆ ಹುಟ್ಟಿದಾಗಿನಿಂದ ಹೀರೇಕಾಯಿ ಸೇರೋದಿಲ್ಲ ಕಣಯ್ಯಾ. ನಲವತ್ತು ವರ್ಷದಿಂದ ಇವಳು ಮಾಡ್ತಾಳೆ, ನಾನು ತಿಂತೀನಿ. ಸೋರೆಕಾಯಿ ಆದೀತಾ?"

ನನಗಾದ ಸಂತೋಷವನ್ನು ಏನೆಂದು ಹೇಳಲಿ! ಚೀಲ ಹಿಡಿದುಕೊಂಡು ಸಂತೆಗೆ ಹೊರಟಿದ್ದೇನೆ. ಎಳೆಯದು ನೋಡಿ ತರಬೇಕು.