ಪುಟ್ಟಿಯಡಿಯ ನಾಯಿಮರಿ

ನಮ್ಮ ಚಿಕ್ಕೀರಪ್ಪ ಜಟಿಂಗ ರಾಮೇಶ್ವರದ ಬೆಟ್ಟದ ಸುತ್ತ ನಲವತ್ತು ವರ್ಷ ಕುರಿ ಕಾಯ್ದವನು. ಮಂಡಿ ಸವೆದು ನಡೆಯಲಾಗದ ಮೇಲೆ ಕುರಿ ಮಾರಿ ಎರಡು ನಾಯಿ ಮಾತ್ರ ಉಳಿಸಿಕೊಂಡ. ಮಕ್ಕಳಿರುವ ಮನೆಗೆ ಅವನ ನಾಯಿಮರಿಯೇ ಆಗಬೇಕೆಂದು ಚಳ್ಳಕೆರೆಯಿಂದಲೂ ಬರುತ್ತಾರೆ. ಎಲ್ಲರಿಗೂ ಕೊಡುವುದಿಲ್ಲ. ಎಣ್ಣೆ ಮಿಲ್ಲಿನವರೊಬ್ಬರು ಕಾರಿನಲ್ಲಿ ಬಂದು ಬರಿಗೈಲಿ ಹೋದದ್ದನ್ನು ನಾನೇ ನೋಡಿದ್ದೇನೆ.

ನನ್ನ ಮೊಮ್ಮಗಳು ಸ್ವಪ್ನಳಿಗೆ ನಾಲ್ಕು ವರ್ಷ. ಮಗ, ಸೊಸೆ ಕೆಲಸಕ್ಕೆ ಚಳ್ಳಕೆರೆಯ ಬಸ್ಸು ಹಿಡಿಯುತ್ತಾರೆ. ನಾನು ಶೇಂಗಾ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದೆ. ಮಗು ಹಗಲೆಲ್ಲ ಪಕ್ಕದ ಮನೆಯ ಮಂಜಮ್ಮನ ಹತ್ತಿರ. ಅವಳು ರೇಷ್ಮೆ ಸೀರೆ ನೇಯುವವಳು. ನಮ್ಮ ಕೇರಿಯ ಕೆಂಚಕ್ಕನ ಪುಟ್ಟ ಮೊಮ್ಮಗಳನ್ನೂ ನೋಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಮಗ್ಗ ಎರಡು. ಗಂಡ ಸತ್ತ ಮೇಲೆ ಒಂದು ನಿಂತಿತು. ನೇಯುವವರು ಕಾಲು ಇಳಿಬಿಡುವ ಅದರ ಗುಂಡಿಗೆ ಹಲಗೆ ಮುಚ್ಚಿದ್ದಳು.

"ನಿನ್ನ ಮೊಮ್ಮಗಳು ಅಳೋದೇ ಇಲ್ಲ ಕಣಕ್ಕ," ಎನ್ನುತ್ತಿದ್ದಳು. ನಾನು ಹಿಗ್ಗುತ್ತಿದ್ದೆ.

ಈಚೆಗೆ ಮಗುವಿನ ಮಾತೇ ಕಡಿಮೆಯಾಗಿತ್ತು. ಜೊತೆಗೊಂದು ಮರಿ ಇರಲೆಂದು, ಒಂದು ದಿನ ಕೂಲಿ ಬಿಟ್ಟು, ಅವಳನ್ನು ಕರೆದುಕೊಂಡು ಚಿಕ್ಕೀರಪ್ಪನಲ್ಲಿಗೆ ಹೋದೆ.

ಅವನು ಮೂರು ಮರಿಗಳ ಮೇಲೆ ಕುರಿಮರಿ ಮುಚ್ಚುವ ಬಿದಿರಿನ ಪುಟ್ಟಿ ಕವುಚಿದ. "ನೀನೇ ತೆಗಿಯವ್ವ," ಎಂದು ಸ್ವಪ್ನಳಿಗೆ ಹೇಳಿ, ದೂರ ಕೂತು ಬೀಡಿ ಹಚ್ಚಿದ. ಯಾವ ಮರಿ ಹೆದರದೆ ಮಗುವಿನ ಬಳಿ ಬರುತ್ತದೋ ಅದನ್ನೇ ಅವನು ಕೊಡುವುದು.

"ಮರಿ ಕೊಡೋಕೆ ಹೆಣ್ಣು ಕೊಡೋ ಹಂಗೆ ಆಡ್ತೀಯಲ್ಲೋ!" ಎಂದೆ.

"ಹೆಣ್ಣಾದ್ರೆ ಕಷ್ಟ ಬಂದ್ರೆ ಬಾಯಿಬಿಟ್ಟು ಹೇಳ್ತಾಳೆ ಯಕ್ಕಾ. ಇದು ಹೇಳ್ತೈತಾ?"

ಸ್ವಪ್ನ ಪುಟ್ಟಿ ತೆಗೆಯಲಿಲ್ಲ. ಅದರ ಮೇಲೆ ಕೂತಳು. ಒಳಗೆ ಮರಿಗಳು ಕುಂಯ್ಗುಟ್ಟಿದವು. ಮಗು ಬಗ್ಗಿ, ತನ್ನದಲ್ಲದ ದನಿಯಲ್ಲಿ, ಮೆಲ್ಲಗೆ ಹೇಳಿತು: "ಅಳ್ಬ್ಯಾಡ. ಅತ್ರೆ ಹಲಿಗೆ ತೆಗಿಯಲ್ಲ. ಮನ್ಯಾಗೆ ಹೇಳಿದ್ರೆ ನಾಳೆನೂ ತೆಗಿಯಲ್ಲ."

ಚಿಕ್ಕೀರಪ್ಪ ಬೀಡಿ ಕೆಳಗಿಟ್ಟ. "ಯಕ್ಕಾ, ಪುಟ್ಟಿಗೆ ಹಲಿಗೆ ಎಲ್ಲೈತೆ?"

ನನಗೆ ಗೊತ್ತಾಯಿತು. ಮಗುವನ್ನು ಅವನ ಬಳಿ ಬಿಟ್ಟು ಓಡಿದೆ.

ಮಂಜಮ್ಮ ಹಲಗೆಯ ಮೇಲೆ ಕೂತು ರಾಟೆಗೆ ರೇಷ್ಮೆ ಸುತ್ತುತ್ತಿದ್ದಳು.

"ಬಾರಕ್ಕ. ಸ್ವಪ್ನ ಯಾಕೆ ಬರ್ಲಿಲ್ಲ?"

"ಕೆಂಚಕ್ಕನ ಮೊಮ್ಮಗಳೆಲ್ಲಿ?"

"ಮಲಗೈತೆ."

"ಎಲ್ಲಿ ಮಲಗೈತೆ?"

ರಾಟೆ ನಿಂತಿತು. ಅವಳು ಏಳಲಿಲ್ಲ. ಮನೆಯಲ್ಲಿ ಒಂದು ಸದ್ದೂ ಇಲ್ಲ. ನಾನು ಕುಕ್ಕರಿಸಿ ಕೂತು ಹಲಗೆಯ ಸಂದಿಗೆ ಬೆರಳಿಟ್ಟೆ. ಒಳಗಿನಿಂದ ಪುಟ್ಟ ಬೆರಳೊಂದು, ಸುಮ್ಮನೆ, ನನ್ನ ಬೆರಳನ್ನು ಹಿಡಿಯಿತು.

ನನ್ನ ಕೂಗಿಗೆ ಕೇರಿಯೇ ಬಂತು. ಮಂಜಮ್ಮನನ್ನು ಎಳೆದು, ಹಲಗೆ ಎತ್ತಿ, ಮಗುವನ್ನು ಹೊರಗೆ ತೆಗೆದೆವು. ಅದು ಆಗಲೂ ಅಳಲಿಲ್ಲ. "ಬಿಟ್ರೆ ಮಕ್ಳು ಮಗ್ಗದ ಎಳೆ ಕಿತ್ತಾಕ್ತಾವೆ, ನಾನೇನ್ ಮಾಡ್ಲಿ?" ಎಂದಳು ಮಂಜಮ್ಮ.

ನಾನು ಕೂಲಿ ಬಿಟ್ಟೆ. ಎರಡು ತಿಂಗಳು ಕಾಯಿಸಿ ಚಿಕ್ಕೀರಪ್ಪ ಮರಿ ಕೊಟ್ಟ. ವಾರಕ್ಕೊಮ್ಮೆ ಬಂದು ಹೊಸ್ತಿಲ ಹೊರಗೆ ಕೂರುತ್ತಾನೆ. ಮರಿಯನ್ನು ನೋಡುವುದಿಲ್ಲ, ಮಗುವನ್ನೇ ನೋಡುತ್ತಾನೆ. ಮರಿ ಒಂದಿಷ್ಟು ಕುಂಯ್ಗುಟ್ಟಿದರೆ ಸಾಕು, ಸ್ವಪ್ನ ಇಂದಿಗೂ ಅದರ ಮೂತಿ ಮುಚ್ಚಿ ಬಾಗಿಲ ಕಡೆ ನೋಡುತ್ತಾಳೆ.