ಕೇಬಲ್ಲಿಗೆ ಹೊದಿಸಿದ ಒದ್ದೆ ಗೋಣಿ

ನೆಟ್‌ವರ್ಕ್ ರಿಪೇರಿಗೆ ಹೋಗಿದ್ದ ನಾನು ಒಂದು ಮನೆಯ ತಾರಸಿಯ ಮೇಲಿದ್ದ ಒದ್ದೆ ಗೋಣಿಚೀಲ ಎತ್ತಿದೆ. ಅದರಡಿಯ ಇಂಟರ್‌ನೆಟ್ ಕೇಬಲ್ಲಿನ ಹೊದಿಕೆ ಹಪ್ಪಳದಂತೆ ಪುಡಿಯಾಯಿತು. ಒಳಗಿನ ತಾಮ್ರಕ್ಕೆ ಕಿಲುಬು ಹಿಡಿದಿತ್ತು. ದಿಬ್ಬೂರಹಳ್ಳಿ ಕಡೆಯ ಆ ಊರಿನ ನ್ಯಾಯಬೆಲೆ ಅಂಗಡಿಗೆ ನೆಟ್‌ವರ್ಕ್ ಹೋಗುವುದು ಈ ಕೇಬಲ್ಲಿನಿಂದಲೇ. ಹೆಬ್ಬೆಟ್ಟು ಒತ್ತುವ ಯಂತ್ರ ನಿಂತುಹೋಗಿ ಜನ ಅಕ್ಕಿಯಿಲ್ಲದೆ ವಾಪಸಾಗುತ್ತಿದ್ದರು.

ಗೋಣಿ ಹೊದಿಸಿದ್ದು ಆ ಮನೆಯಲ್ಲಿ ರೇಷ್ಮೆಹುಳ ಸಾಕುವ ಅಜ್ಜಿ. "ಸೆಕೆಗೆ ಹುಳ ಸಾಯಬಾರ್ದು ಅಂತ ಒದ್ದೆ ಗೋಣಿ ಕಟ್ತೀವಲ್ಲಪ್ಪ, ಹಂಗೇ ಇದಕ್ಕೂ ದಿನಾ ನೀರು ಚಿಮುಕಿಸ್ತಿದ್ದೆ" ಎಂದರು.

ಬಿಸಿಲು ತಡೆಯುವ ಕಪ್ಪು ಕೇಬಲ್ಲೇ ಬೇಕೆಂದು ಕೇಬಲ್ ಪೂರೈಸುವ ಗುತ್ತಿಗೆದಾರರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ಈ ಸಲವೂ ಅವರು ಕಳಿಸಿದ್ದು ಕಚೇರಿಯೊಳಗೆ ಎಳೆಯುವ ಬೂದು ಕೇಬಲ್. ಬೇರೆ ದಾರಿಯಿಲ್ಲದೆ ಅದನ್ನೇ ಎಳೆದೆ.

"ಇದಕ್ಕೆ ನೀರು ಹಾಕ್ಬೇಡಿ ಅಜ್ಜಿ" ಎಂದೆ. ಅವರ ಮುಖ ಬಾಡಿತು. "ಹಂಗಾದ್ರೆ ನಾನೇ ಕೆಡಿಸ್ದೆ ಅನ್ನು" ಎಂದರು. ಕೇಬಲ್ಲೇ ಸರಿಯಿರಲಿಲ್ಲ ಎಂದು ಎಷ್ಟು ಹೇಳಿದರೂ ನಂಬಲಿಲ್ಲ.

ಬರುವ ಬೇಸಿಗೆಗೆ ಇದೂ ಪುಡಿಯಾಗುತ್ತದೆ. ಜನ ಮತ್ತೆ ಬರಿಗೈಯಲ್ಲಿ ನಿಂತಾಗ ಗುತ್ತಿಗೆದಾರರನ್ನು ಯಾರೂ ಕೇಳುವುದಿಲ್ಲ. ಈ ಕೇಬಲ್ಲಿಗೆ ಹನಿ ನೀರೂ ಮುಟ್ಟಿಸದಿದ್ದರೂ ಆ ಅಜ್ಜಿ ಮಾತ್ರ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ.