ಮೇಲ್ಕಟ್ಟಿನ ಮೇಲಿನ ಮಗು

ಚಿನ್ನಮ್ಮನ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದ ಮಗ ಓಬಯ್ಯನ ಮುಖವೂ ಒಳ್ಳೆಯ ಬೆಳಕಿದ್ದರೆ ಮಾತ್ರ ಗುರುತು ಸಿಗುತ್ತಿತ್ತು. ಅವಳ ಆತುರವೆಲ್ಲ ಒಂದೇ. ಕಣ್ಣು ಪೂರ್ತಿ ಹೋಗುವುದರೊಳಗೆ ಶಿವಮೊಗ್ಗದ ಬಂಗಲೆಯ ಚಾವಣಿಯಲ್ಲಿರುವ ಮಗಳನ್ನು ನೋಡಬೇಕು.

ಆ ಬಂಗಲೆಯನ್ನು ಅಡಿಕೆ ಸಾಹುಕಾರರೊಬ್ಬರು ಪರದೇಶದ ಅರಮನೆಯೊಂದರ ಚಿತ್ರ ನೋಡಿ ಕಟ್ಟಿಸಿದ್ದರು. ಊರವರ ಬಾಯಲ್ಲಿ ಅದು ಅರಮನೆಯೇ. ತಿರುಚಿದ ಕಂಬ, ಶಂಖ, ಬಳ್ಳಿ, ಚಾವಣಿ ತುಂಬ ರೆಕ್ಕೆಯ ಮಕ್ಕಳು, ಎಲ್ಲ ಗಾರೆಯವು. ಹರೆಯದಲ್ಲಿ ಚಿನ್ನಮ್ಮ ಆ ಗಾರೆ ಹೊತ್ತವಳು. ಕೆಲಸಗಾರರು ಹತ್ತಿ ನಿಲ್ಲುವ ಸಾರುವೆಯ ಕೆಳಗೆ, ಸೀರೆಯ ಜೋಲಿಯಲ್ಲಿ, ಮಗಳು ಪದ್ದಿ ಮಲಗಿರುತ್ತಿದ್ದಳು. ಮಧುರೆ ಕಡೆಯ ಮೇಸ್ತ್ರಿ ಅವಳ ಉಬ್ಬುಗೆನ್ನೆ ನೋಡಿ ನೋಡಿ ನಡುಮನೆಯ ಚಾವಣಿಯ ಮೂಲೆಯ ಮಗುವಿಗೆ ಅದೇ ಮುಖ ಮಾಡಿದ. ನಿನ್ನ ಮಗಳಿಗೆ ರೆಕ್ಕೆ ಹಚ್ಚಿದ್ದೇನೆ, ಇನ್ನು ಭದ್ರವಾಗಿ ಹಿಡಿದುಕೋ ಎಂದು ತಮಾಷೆ ಮಾಡಿದ. ವರ್ಷ ತುಂಬುವುದರೊಳಗೆ ಪದ್ದಿ ಜ್ವರ ಬಂದು ತೀರಿಕೊಂಡಳು. ಅಷ್ಟರಲ್ಲಿ ಬಂಗಲೆಗೆ ಬಾಗಿಲು ಕೂತಿತ್ತು. ಕೂಲಿಯವರಿಗೆ ಮತ್ತೆ ಒಳಗೆ ಪ್ರವೇಶವಿರಲಿಲ್ಲ.

ಸಾಹುಕಾರರು ಹೋದ ಮೇಲೆ ಊರಿನ ಒಂದು ಸಂಘದವರು ಬಂಗಲೆ ಕೊಂಡರು. ಪಡಸಾಲೆಯಲ್ಲಿ ಹಳೆಯ ಕತ್ತಿ, ಓಲೆಗರಿ ಇಟ್ಟು ಜನರಿಗೆ ತೋರಿಸಿದರು. ನಡುಮನೆಯಲ್ಲಿ ಸಂಗೀತ, ಹರಿಕಥೆ ನಡೆಸಿದರು. ಸುದ್ದಿ ತಿಳಿದ ವಾರವೇ ತಾಯಿ ಮಗ ರೈಲು ಹತ್ತಿದರು. ಬಿಸಿಲು ತಾಗಿದರೆ ಓಲೆ ಹಾಳಾಗುತ್ತದೆಂದು ಕಿಟಕಿಗಳಿಗೆಲ್ಲ ಪರದೆ ಎಳೆದಿದ್ದರು. ಚಿನ್ನಮ್ಮ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದಳು. ಕಂಡದ್ದು ಕತ್ತಲೆ. ರಾಮನವಮಿಯ ಸಂಗೀತಕ್ಕೆ ಸಾಲು ಸಾಲು ವಿದ್ಯುತ್ ದೀಪ ಹಾಕುತ್ತಾರೆಂದು ಕಾವಲಿನವನು ಹೇಳಿದ. ಅಲ್ಲಿಯವರೆಗೆ ಕಾಯೋಣ ಎಂದು ಓಬಯ್ಯ ಅವಳನ್ನು ಒಪ್ಪಿಸಿದ.

ರಾಮನವಮಿಯ ಸಂಜೆ ನಡುಮನೆ ಹಗಲಿನಂತೆ ಬೆಳಗುತ್ತಿತ್ತು. ಚಿನ್ನಮ್ಮ ಬಾಗಿಲಲ್ಲೇ ನಿಂತು ತಲೆಯೆತ್ತಿದಳು. ಗೋಡೆಯಿಂದ ಗೋಡೆಗೆ ಬಿಳಿಯ ಬಟ್ಟೆ. ಶುಭಕಾರ್ಯವೆಂದು, ಪದ್ಧತಿಯಂತೆ, ಮಡಿ ಮಾಡಿದ ಬಟ್ಟೆ ತಂದು ಮೇಲ್ಕಟ್ಟು ಕಟ್ಟಿದ್ದರು. ಮಕ್ಕಳು, ಬಳ್ಳಿ, ಶಂಖ ಎಲ್ಲ ಅದರ ಮೇಲುಗಡೆ.

ಓಬಯ್ಯ ಸಂಘದ ಕಾರ್ಯದರ್ಶಿ ಪರಮೇಶ್ವರಪ್ಪನವರನ್ನು ಹುಡುಕಿ, ಒಂದು ಮೂಲೆಯ ಗಂಟು ಬಿಚ್ಚಿಸಿ ಎಂದು ಬೇಡಿಕೊಂಡ. ವಿದ್ವಾಂಸರ ತಲೆಯ ಮೇಲೆ ಧೂಳು ಬೀಳುತ್ತದೆ, ಆಗುವುದಿಲ್ಲ ಎಂದರು ಅವರು. ಸಿಡುಕಲಿಲ್ಲ. ಬಾಗಿಲಲ್ಲಿದ್ದ ಚಿನ್ನಮ್ಮನ ಕಡೆ ತಿರುಗಿದರು.

"ನಾಳೆ ಬನ್ನಿ ತಾಯಿ, ಬೆಳಿಗ್ಗೆನೇ ಬಟ್ಟೆ ಬಿಚ್ತೀವಿ."

"ದೀಪ ಇರ್ತದಾ ಸ್ವಾಮಿ?" ಎಂದಳು ಚಿನ್ನಮ್ಮ.

"ದೀಪಾನೂ ಬಿಚ್ತಾರೆ. ಬಾಡಿಗೆಯವು."

ಮಗ ಹೊರಡೋಣ ಎಂದ. ಅವಳು ಕೇಳಲಿಲ್ಲ. ಗೋಡೆ ತಡವುತ್ತ, ಮಗಳಿರುವ ಆ ಮೂಲೆಯ ಕೆಳಗೆ ಹೋಗಿ, ಸೆರಗು ಸರಿಮಾಡಿಕೊಂಡು ಕೂತಳು. ಹಾಡು ಶುರುವಾಯಿತು. ಎಲ್ಲರ ಮುಖ ವೇದಿಕೆಯ ಕಡೆಗೆ. ಅವಳದು ಮಾತ್ರ ಬಟ್ಟೆಯ ಕಡೆಗೆ. ಪಕ್ಕದ ಹೆಂಗಸರು ತಿರುತಿರುಗಿ ನೋಡತೊಡಗಿದರು.

"ಅವ್ವಾ, ಜನ ನೋಡ್ತಾವ್ರೆ," ಓಬಯ್ಯ ಪಿಸುಗುಟ್ಟಿದ.

"ನೋಡ್ಲಿ ಬಿಡು ಮಾರಾಯ. ನಾನೂ ನೋಡಕ್ಕೇ ಬಂದಿದ್ದು."